ಬಾಪ್ಪು ಮತ್ತು ಐದನೆಯ ಉತ್ತರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಸರಿಯಾಗಿ ಹೇಳಬೇಕೆಂದರೆ ನನ್ನ ಗಂಟಲಿನದು. ಆ ಶುಕ್ರವಾರ ನಾನು ಬಾಯಿ ಮುಚ್ಚಿಕೊಂಡು ಬಿರಿಯಾನಿ ತಿಂದಿದ್ದರೆ, ಬಂಟ್ವಾಳದಲ್ಲಿ ಹುಟ್ಟಿ, ದೋಹಾದಲ್ಲಿ ದುಡಿದು, ಚೀನಾದ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದ ಮನುಷ್ಯ ಎಂಬ ವಿಶೇಷ ಜೀವಿ ಈ ಭೂಮಿಯ ಮೇಲೆ ಇರುತ್ತಲೇ ಇರಲಿಲ್ಲ. ಈಗ ಇದೆ. ಒಂದೇ ಒಂದು ಇದೆ! ದೋಹಾದ ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿನ ಸೋಫಾದ ಮೇಲೆ ಲುಂಗಿ ಉಟ್ಟು, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿದೆ. ಅದೇ ನಮ್ಮ ಬಾಪ್ಪು.

ಬಾಪ್ಪು ಅಂದರೆ ನಮ್ಮ ಕೊಂಕಣಿ ಮನೆಗಳಲ್ಲಿ ಚಿಕ್ಕಪ್ಪ. ಅವರ ಹೆಂಡತಿ ನನಗೆ ಮಾವ್ಶಿ. ನಾನು ಡಿಗ್ರಿ ಮುಗಿಸಿ ಕತಾರಿಗೆ ಬಂದು, ಕಾರು ಬಾಡಿಗೆಗೆ ಕೊಡುವ ಒಂದು ಕಚೇರಿಯಲ್ಲಿ ಫೋನ್ ಎತ್ತುವ ಉದ್ಯೋಗ ಹಿಡಿದಾಗಿನಿಂದ ಇವರಿಬ್ಬರ ಮನೆಯಲ್ಲೇ ನನ್ನ ಠಿಕಾಣಿ. ಮನೆಯಲ್ಲಿ ಮೂರು ಭಾಷೆಗಳಿವೆ, ಮೂರಕ್ಕೂ ಬಾಪ್ಪು ಕೆಲಸ ಹಂಚಿಕೊಟ್ಟಿದ್ದಾರೆ. ಕೊಂಕಣಿ ಊಟಕ್ಕೆ, ಇಂಗ್ಲಿಷ್ ಸಂಬಳಕ್ಕೆ, ಕನ್ನಡ ವಾದಕ್ಕೆ. ಕನ್ನಡ ಮೀಡಿಯಂನಲ್ಲಿ ಓದಿದ ಮನುಷ್ಯ, ತರ್ಕ ಮಾಡುವಾಗ ಬೇರೆ ಭಾಷೆ ನಾಲಿಗೆಗೆ ಹತ್ತುವುದಿಲ್ಲವಂತೆ. ಬಾಪ್ಪು ವಾದ ಮಾಡದ ಹೊತ್ತು ಕಡಿಮೆಯಾದ್ದರಿಂದ ನಮ್ಮ ಮನೆಯಲ್ಲಿ ಕನ್ನಡ ಚೆನ್ನಾಗಿ ಉಳಿದುಕೊಂಡಿದೆ!

ಬಾಪ್ಪುವಿನ ಕೆಲಸ ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ಟೆಂಡರ್ ಕಾಗದ ಓದುವುದು. ಬರೆಯುವುದಲ್ಲ, ಓದುವುದು. ದಪ್ಪ ದಪ್ಪ ಕರಾರುಪತ್ರಗಳು ಬರುತ್ತವೆ. ಅದರೊಳಗೆ ಎಲ್ಲಿ ಗುಂಡಿ ತೋಡಿಟ್ಟಿದ್ದಾರೆ, ಯಾವ ಸಾಲು ನಾಳೆ ಕಂಪನಿಯ ಕಾಲಿಗೆ ತೊಡರುತ್ತದೆ ಎಂದು ಹುಡುಕಿ, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 'ಕ್ಲಾರಿಫಿಕೇಶನ್ ಬೇಕು' ಎಂದು ಬರೆಯುವುದು. ಇಷ್ಟು ವರ್ಷ ಇದನ್ನೇ ಮಾಡಿ ಮಾಡಿ ಅವರ ಕಣ್ಣಿಗೆ ಅಚ್ಚಾದ ಅಕ್ಷರವೆಂದರೆ ಪೊಲೀಸರಿಗೆ ಕಳ್ಳ ಕಂಡ ಹಾಗೆ. ಶಾಂಪೂ ಬಾಟಲಿಯ ಹಿಂಭಾಗ ಓದಿ, "ಅಗತ್ಯವಿದ್ದರೆ ಮತ್ತೊಮ್ಮೆ ಹಚ್ಚಿ ಅಂತ ಉಂಟು. ಅಗತ್ಯ ಉಂಟಾ ಇಲ್ಲವಾ ಅಂತ ತೀರ್ಮಾನ ಮಾಡುವವರು ಯಾರು?" ಎನ್ನುತ್ತಾರೆ. ಮದುವೆಯ ಆಮಂತ್ರಣ ಬಂದರೆ 'ಸಕುಟುಂಬ' ಎಂಬಲ್ಲಿ ನಾನು ಸೇರುತ್ತೇನೋ ಇಲ್ಲವೋ ಎಂದು ಫೋನ್ ಮಾಡಿ ಕೇಳುತ್ತಾರೆ. ಸ್ವಂತ ಮದುವೆಯಲ್ಲಿ, ಸಾವು ನಮ್ಮನ್ನು ಅಗಲಿಸುವ ತನಕ ಎಂದು ಪಾದ್ರಿಗಳು ಹೇಳಿಕೊಟ್ಟಾಗ, ಇವರು ಒಂದು ಕ್ಷಣ ನಿಲ್ಲಿಸಿ, "ಫಾದರ್, ಇಬ್ಬರಲ್ಲಿ ಯಾರ ಸಾವು ಅಂತ ಇದರಲ್ಲಿ ಸ್ಪಷ್ಟ ಇಲ್ಲ" ಅಂದರಂತೆ.

"ಅವತ್ತೇ ಇಳಿದು ಹೋಗ್ಬೇಕಿತ್ತು ನಾನು," ಎಂದು ಮಾವ್ಶಿ ಈಗಲೂ ಹೇಳುತ್ತಾರೆ. "ಆದ್ರೆ ಅಷ್ಟೊತ್ತಿಗೆ ಹಾಲ್‌ಗೆ ಅಡ್ವಾನ್ಸ್ ಕೊಟ್ಟಾಗಿತ್ತು!"

ಇನ್ನು ನನ್ನ ವಿಷಯ. ನನಗೆ ಚಿಕ್ಕಂದಿನಿಂದ ಒಂದು ಕಾಯಿಲೆ: ಕೇಳಿದ ದನಿಯೆಲ್ಲ ಗಂಟಲಿಗೆ ಅಂಟಿಕೊಳ್ಳುತ್ತದೆ. ನಮ್ಮ ಮ್ಯಾನೇಜರ್, ಚರ್ಚಿನ ಹಾಡಿನ ತಂಡದ ಹಿರಿಯರು, ಕಟ್ಟಡದ ಮಲಯಾಳಿ ವಾಚ್‌ಮನ್, ಯಾರನ್ನೂ ಬಿಟ್ಟಿಲ್ಲ. ಒಂದು ಸಲ ಕನ್ನಡಿಯ ಮುಂದೆ ನಿಂತು ನನ್ನದೇ ದನಿಯನ್ನು ಅನುಕರಿಸಿದೆ. ಅದೊಂದು ಮಾತ್ರ ಸ್ವಲ್ಪವೂ ಹೋಲಲಿಲ್ಲ.

ಆ ಶುಕ್ರವಾರ ಬಾಪ್ಪು ಫೋನನ್ನು ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗಿದ್ದರು. ಫೋನು ಹೊಡೆದುಕೊಂಡಿತು. ಎತ್ತಿದೆ. ಮೇಲಿನ ಮಹಡಿಯ ಚೀನಾದ ಎಂಜಿನಿಯರ್! ಕಟ್ಟಡದವರಿಗೆಲ್ಲ ಲಿಫ್ಟಿನ ದೂರು, ನೀರಿನ ದೂರು ಬರೆದುಕೊಡುವ ಇಂಗ್ಲಿಷ್ ಅಂಕಲ್ ಇವರೇ ಎಂದು ವಾಚ್‌ಮನ್ ನಂಬರ್ ಕೊಟ್ಟಿದ್ದನಂತೆ. ಎಂಜಿನಿಯರ್ ಮಾತಾಡುವುದು ಗಲ್ಫಿನ ಸೈಟುಗಳಲ್ಲಿ ಎಲ್ಲ ದೇಶದವರೂ ಸೇರಿ ಕಟ್ಟಿಕೊಂಡ ಇಂಗ್ಲಿಷು. ಇಲ್ಲ ಎನ್ನಲು 'ಮಾಫಿ', ಮುಗಿಯಿತು ಎನ್ನಲು 'ಖಲಾಸ್', ಉಳಿದದ್ದಕ್ಕೆಲ್ಲ ಕೈಸನ್ನೆ. ಫೋನಿನಲ್ಲಿ ಕೈಸನ್ನೆ ಕಾಣುವುದಿಲ್ಲವಲ್ಲ!

"ಯು ಟೀಚರ್? ಇಂಗ್ಲಿಷ್ ಟೀಚರ್? ಮೈ ಗರ್ಲ್, ಎಕ್ಸಾಮ್!" ಎಂದು ಕೇಳಿದರು.

ನನ್ನ ಗಂಟಲು ತುರಿಸಿತು. ಬಾಪ್ಪು ಮಾಡುವ ಹಾಗೆ ಎರಡು ಸಲ ಕೆಮ್ಮಿ, ಮೂಗಿನಿಂದ ಗಾಳಿ ಬಿಟ್ಟು, "ಯೆಸ್, ಯೆಸ್, ಟೆಲ್ ಮಿ. ತರ್ಟಿ ಇಯರ್ಸ್ ಟೀಚರ್! ಸೆಂಡ್ ದಿ ಗರ್ಲ್, ಎವ್ರಿ ಡೇ ಸಿಕ್ಸ್ ಓ'ಕ್ಲಾಕ್!" ಅಂದೆ. ಮಾವ್ಶಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನಾನೂ ನಕ್ಕೆ. ಬಿರಿಯಾನಿ ತಿಂದೆ. ಮರೆತೆ.

ಮಾರನೆ ದಿನ ಸಂಜೆ ಆರಕ್ಕೆ ಬೆಲ್ ಆಯಿತು. ಬಾಗಿಲು ತೆರೆದರೆ ಕನ್ನಡಕ ಹಾಕಿದ ಒಬ್ಬಳು ಹುಡುಗಿ, ಎದೆಗೆ ಒತ್ತಿಕೊಂಡ ಒಂದು ಕಟ್ಟು ಪ್ರಶ್ನೆಪತ್ರಿಕೆ. ಹೆಸರು ಲಿನ್. ಇಂಗ್ಲಿಷಿನಲ್ಲಿ ನಿಧಾನವಾಗಿ, ಆದರೆ ತಪ್ಪಿಲ್ಲದೆ ಅವಳು ಹೇಳಿದ್ದು ಇಷ್ಟು. ಬರುವ ಜೂನ್‌ನಲ್ಲಿ ಅವಳ ಊರಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ. ತಾಯಿ ಮೊದಲೇ ಇಲ್ಲ, ಸಾಕಿದ ಅಜ್ಜಿಯೂ ತೀರಿಕೊಂಡ ಮೇಲೆ ಅಪ್ಪನ ಹತ್ತಿರ ದೋಹಾಕ್ಕೆ ಬಂದಿದ್ದಾಳೆ. ಶಾಲೆ ಆನ್‌ಲೈನಿನಲ್ಲಿ ನಡೆಯುತ್ತದೆ, ಅಲ್ಲಿಯ ಹೊತ್ತು ಮುಂದಿರುವುದರಿಂದ ಸಂಜೆ ಬಿಡುವು. ಎಲ್ಲ ವಿಷಯಗಳಲ್ಲೂ ಗಟ್ಟಿ. ಇಂಗ್ಲಿಷಿನಲ್ಲಿ ಒಂದು ಭಾಗ ಮಾತ್ರ ಕೈಕೊಡುತ್ತದೆ: ಒಂದು ಪುಟದ ಗದ್ಯ ಕೊಟ್ಟು, ಕೆಳಗೆ ಪ್ರಶ್ನೆ ಕೇಳಿ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟು, ಒಂದನ್ನು ಆರಿಸು ಎನ್ನುತ್ತಾರಲ್ಲ, ಅದು. ಶಾಲೆಯವರು ಅಪ್ಪನಿಗೆ ಹೇಳಿದ್ದಾರೆ: ವರ್ಷ ಮುಗಿಯುವುದರೊಳಗೆ ಇಂಗ್ಲಿಷ್ ಮೇಲೆ ಬಂದರೆ ವಸಂತದ ತನಕ ಹುಡುಗಿ ನಿಮ್ಮ ಹತ್ತಿರವೇ ಇರಲಿ. ಬರದಿದ್ದರೆ ಜನವರಿಯಲ್ಲೇ ವಾಪಸು ಕಳಿಸಿ, ಹಾಸ್ಟೆಲಿನಲ್ಲಿ ಕೂರಿಸಿ ಓದಿಸುತ್ತೇವೆ. ಅಪ್ಪ ಜನವರಿಯ ಟಿಕೆಟನ್ನು ತೆಗೆದಿಟ್ಟೂ ಆಗಿದೆ.

"ನನಗೆ ಹೋಗಲು ಇಷ್ಟವಿಲ್ಲ," ಅಂದಳು. "ಅಪ್ಪನಿಗೆ ಅಡುಗೆ ಬರುವುದಿಲ್ಲ."

ನಾನು ಬಾಗಿಲನ್ನು ಅರ್ಧ ಎಳೆದುಕೊಂಡೆ. ಹಿಂದಿನಿಂದ ಬಾಪ್ಪುವಿನ ದನಿ: "ಯಾರದು? ಎಂತ ಅಂತೆ?"

ಆಗ ನಿಜ ಹೇಳಬಹುದಿತ್ತಲ್ಲವೇ? ಹೇಳಬಹುದಿತ್ತು. ಆದರೆ ಬಾಪ್ಪುವಿನ ಫೋನಿನಲ್ಲಿ ಬಾಪ್ಪುವಿನ ದನಿಯಲ್ಲಿ ಬಾಪ್ಪುವಿಗೆ ಕೆಲಸ ಹಚ್ಚಿದೆ ಎಂದು ಬಾಪ್ಪುವಿಗೆ ಹೇಳುವ ಧೈರ್ಯ ಯಾರಿಗಿದೆ? "ಬಾಪ್ಪು, ಮೇಲಿನ ಎಂಜಿನಿಯರ್ ಕಳಿಸಿದ್ದಾರೆ. ಇದು ಚೀನಾದ ಪರೀಕ್ಷೆಯ ಪೇಪರ್. ಸರಿ ಉಂಟಾ ಅಂತ ನೀವೊಮ್ಮೆ ಚೆಕ್ ಮಾಡಬೇಕಂತೆ," ಅಂದೆ.

ಬಾಪ್ಪುವಿನ ಮುಖ ಹಿಗ್ಗಿತು. ಚೀನಾದವರು ತಮ್ಮ ಪ್ರಶ್ನೆಪತ್ರಿಕೆಯನ್ನು ಪರಿಶೀಲನೆಗೆ ಅಲ್ ಸದ್ದ್‌ಗೆ ಕಳಿಸಿದ್ದರಲ್ಲಿ ಅವರಿಗೆ ಆಶ್ಚರ್ಯವೇನೂ ಕಾಣಲಿಲ್ಲ. ಕಳಿಸಲು ಇಷ್ಟು ತಡವೇಕಾಯಿತು ಎಂಬುದಷ್ಟೇ ಅವರ ಪ್ರಶ್ನೆ. "ಕೂತುಕೊಳ್ಳಮ್ಮ," ಎಂದು ಕೆಂಪು ಪೆನ್ನಿನ ಟೋಪಿ ತೆಗೆದರು.

ಹೀಗೆ ನಮ್ಮ ಮನೆಯಲ್ಲಿ ಜಗತ್ತಿನ ಅತಿ ವಿಚಿತ್ರ ಟ್ಯೂಷನ್ ಆರಂಭವಾಯಿತು. ಹುಡುಗಿ ತಿಳಿದದ್ದು, ಮೂವತ್ತು ವರ್ಷದ ಅನುಭವಿ ಮೇಷ್ಟರು ತನಗೆ ಪಾಠ ಮಾಡುತ್ತಿದ್ದಾರೆ ಎಂದು. ಮೇಷ್ಟರು ತಿಳಿದದ್ದು, ಚೀನಾ ದೇಶದ ಪ್ರಶ್ನೆಪತ್ರಿಕೆಯ ತಪ್ಪುಗಳನ್ನು ತಾನು ತಿದ್ದಿಕೊಡುತ್ತಿದ್ದೇನೆ, ಈ ಹುಡುಗಿ ಕಾಗದ ತರುವವಳು ಎಂದು. ನಾನು ತಿಳಿದದ್ದು, ಎರಡು ದಿನದಲ್ಲಿ ಇದು ತನ್ನಷ್ಟಕ್ಕೆ ನಿಲ್ಲುತ್ತದೆ ಎಂದು. ಮೂವರೂ ಪೆದ್ದರೇ. (ಅವರಿಬ್ಬರ ಇಂಗ್ಲಿಷ್ ಸಂವಾದವನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ. ಇಂಗ್ಲಿಷಿನಲ್ಲಿ ಕೇಳಿ ನನಗೇ ಇನ್ನೂ ತಲೆ ಸುತ್ತುತ್ತಿದೆ.)

ಮೊದಲ ಗದ್ಯ ಒಂದು ಕೊಡೆಯ ಕಥೆ. ಮಳೆಯಲ್ಲಿ ನಿಂತ ಮುದುಕಿಗೆ ಒಬ್ಬ ಹುಡುಗ ತನ್ನ ಕೊಡೆ ಕೊಟ್ಟು, ತಾನು ನೆನೆದುಕೊಂಡು ಮನೆಗೆ ಹೋದ. ಪ್ರಶ್ನೆ: ಈ ಕಥೆಗೆ ಸೂಕ್ತವಾದ ಹೆಸರು ಯಾವುದು? ಎ, ಮಳೆಗಾಲ. ಬಿ, ಹಳೆಯ ಕೊಡೆ. ಸಿ, ಒಳ್ಳೆಯ ಮನಸ್ಸು. ಡಿ, ಮುದುಕಿಯ ಪ್ರಯಾಣ.

ಬಾಪ್ಪು ಎರಡು ಸಲ ಓದಿದರು. ಕನ್ನಡಕ ಒರೆಸಿ ಮೂರನೆಯ ಸಲ ಓದಿದರು.

"ಕೊಡೆ ವಾಪಸ್ ಬಂತಾ?"

"ಗೊತ್ತಿಲ್ಲ ಅಂಕಲ್," ಅಂದಳು ಲಿನ್.

"ಗೊತ್ತಿಲ್ಲ ಅಂದ್ರೆ? ಕೊಟ್ಟದ್ದು ದಾನವಾ, ತಾತ್ಕಾಲಿಕವಾ? ಹುಡುಗನ ವಿಳಾಸ ಮುದುಕಿಯ ಹತ್ತಿರ ಉಂಟಾ? ಕೊಡೆ ಹುಡುಗನದ್ದಾ, ಅವನ ಅಪ್ಪನದ್ದಾ? ಅಪ್ಪನದ್ದಾದರೆ ಕೊಡ್ಲಿಕ್ಕೆ ಇವನಿಗೆ ಅಧಿಕಾರ ಎಲ್ಲಿಂದ ಬಂತು?"

ಹುಡುಗಿ ಕಣ್ಣರಳಿಸಿದಳು. ಇಷ್ಟು ಕೊಡೆ ಕಥೆ ಓದಿದ್ದಾಳೆ, ಯಾವ ಮೇಷ್ಟರೂ ಕೊಡೆಯ ಗತಿಯೇನೆಂದು ಕೇಳಿರಲಿಲ್ಲ. ಬಾಪ್ಪು ಡಿ ಆದ ಮೇಲೆ ತಾವೇ ಒಂದು ಗೆರೆ ಎಳೆದು, ಕೆಂಪಕ್ಷರದಲ್ಲಿ ಐದನೆಯ ಉತ್ತರ ಬರೆದರು: 'ಇ. ಕ್ಲಾರಿಫಿಕೇಶನ್ ಬೇಕು.' ಲಿನ್ ನಕ್ಕಳು. ಸಣ್ಣಗೆ ಶುರುವಾದದ್ದು, ಆಮೇಲೆ ನಿಲ್ಲಲೇ ಇಲ್ಲ. ಅಷ್ಟು ತೆಳ್ಳಗಿನ ಹುಡುಗಿಯೊಳಗೆ ಅಷ್ಟು ದೊಡ್ಡ ನಗು ಎಲ್ಲಿ ಮಡಚಿಟ್ಟಿತ್ತೋ!

ಮರುದಿನ ಜೇನುನೊಣಗಳ ಕುಣಿತದ ಬಗ್ಗೆ ಒಂದು ಲೇಖನ. ಕೊನೆಯ ಪ್ರಶ್ನೆ: ಈ ಸಂಶೋಧನೆಯ ಬಗ್ಗೆ ಲೇಖಕರ ಧೋರಣೆ ಏನು? ಸಂಶಯ, ಬೆಂಬಲ, ಉದಾಸೀನ, ವಿರೋಧ.

"ಇದೆಂತ ಪ್ರಶ್ನೆ!" ಬಾಪ್ಪು ಎದ್ದೇ ನಿಂತರು. "ನಮ್ಮ ಮ್ಯಾನೇಜರ್ ದಿನಾ ಎದುರಿಗೇ ಕೂತಿರ್ತಾನೆ, ಅವನ ಧೋರಣೆ ಎಂತದ್ದು ಅಂತ ನನಗೆ ಇವತ್ತಿನವರೆಗೆ ಗೊತ್ತಾಗ್ಲಿಲ್ಲ. ಮುಖ ನೋಡದವನ ಧೋರಣೆ ಹೇಳು ಅಂದ್ರೆ ಹೇಗೆ? ಲೇಖಕನ ಫೋನ್ ನಂಬರ್ ಕೊಟ್ಟಿದ್ದಾರಾ?"

"ಇಲ್ಲ ಅಂಕಲ್."

"ಹಾಗಾದ್ರೆ ಇ."

ನಾನು ಮಧ್ಯೆ ತಲೆ ಹಾಕಿದೆ. ಎಷ್ಟೆಂದರೂ ನಾನು ಇಂಗ್ಲಿಷ್ ಮೀಡಿಯಂ, ಮಂಗಳೂರಿನ ಕಾಲೇಜಿನಲ್ಲಿ ಡಿಗ್ರಿ. "ಕೊಡಿ ಇಲ್ಲಿ, ಇದೆಲ್ಲ ಸಿಂಪಲ್," ಎಂದು ಒಂದು ಇಡೀ ಪತ್ರಿಕೆ ಮಾಡಿ ತೋರಿಸಿದೆ. ಲಿನ್ ಕೀ ಉತ್ತರ ನೋಡಿ ಅಂಕ ಹಾಕಿದಳು. ಎಷ್ಟು ಬಂತೆಂದು ಕೇಳಬೇಡಿ. "ಅಣ್ಣ, ಕಣ್ಣು ಮುಚ್ಚಿ ಎಲ್ಲದಕ್ಕೂ ಸಿ ಹಾಕಿದ್ದರೆ ಇದಕ್ಕಿಂತ ಜಾಸ್ತಿ ಬರುತ್ತಿತ್ತು," ಎಂದು ಮಾತ್ರ ಹೇಳಿದಳು.

ನಮ್ಮ ಮನೆಯಲ್ಲಿ ಸರಿಯುತ್ತರ ಹೇಳುತ್ತಿದ್ದವರು ಒಬ್ಬರೇ, ಮಾವ್ಶಿ. ಅವರು ಗದ್ಯ ಓದುತ್ತಲೂ ಇರಲಿಲ್ಲ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ, ಲಿನ್ ಜೋರಾಗಿ ಓದುವುದನ್ನು ಅರ್ಧ ಕಿವಿಯಲ್ಲಿ ಕೇಳುತ್ತ ಅಲ್ಲಿಂದಲೇ ಕೂಗುತ್ತಿದ್ದರು. ಒಬ್ಬ ಮುದುಕ ದಿನಾ ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂರುತ್ತಾನೆ, ಯಾಕೆ? "ಅವನಿಗೆ ಯಾರದ್ದೋ ನೆನಪಾಗ್ತದೆ, ಬಿ ಹಾಕು!" ಬಿ ಸರಿ. ಮೇಷ್ಟರು ಹುಡುಗನ ಕೆಟ್ಟ ಚಿತ್ರವನ್ನು ಗೋಡೆಗೆ ಅಂಟಿಸಿದರು, ಯಾಕೆ? "ಹುಡುಗನಿಗೆ ಧೈರ್ಯ ಬರ್ಲಿ ಅಂತ. ಡಿ!" ಡಿ ಸರಿ.

"ನಿಂಗೆ ಹೇಗೆ ಗೊತ್ತಾಗ್ತದೆ ಮಾರಾಯ್ತಿ?" ಬಾಪ್ಪುವಿಗೆ ತಡೆಯಲಾಗಲಿಲ್ಲ.

"ಪರೀಕ್ಷೆಯವರು ಮಕ್ಕಳಿಗೆ ಕೆಟ್ಟದ್ದು ಓದ್ಲಿಕ್ಕೆ ಕೊಡ್ತಾರಾ? ಎಲ್ಲದರಲ್ಲೂ ಕೊನೆಗೆ ಒಳ್ಳೆಯದೇ ಆಗ್ಬೇಕು. ಒಳ್ಳೆಯದು ಯಾವುದುಂಟೋ ಅದನ್ನು ಹಾಕುದು. ಆದ್ರೆ ಜೇನುನೊಣದ್ದೆಲ್ಲ ನನ್ನ ಹತ್ತಿರ ಕೇಳ್ಬೇಡಿ, ಅದಕ್ಕೆ ಮನಸ್ಸಿನಲ್ಲಿ ಎಂತ ಉಂಟೋ!"

"ಆಧಾರ ಇಲ್ಲದ ಉತ್ತರ," ಎಂದು ಬಾಪ್ಪು ತಿರಸ್ಕರಿಸಿದರು. ಲಿನ್ ಕೂಡ ಮೇಷ್ಟರ ಪಕ್ಷವೇ ಹಿಡಿದಳು. ಆಧಾರ ಬೇಕು ಅಂಕಲ್, ಆಧಾರ ಬೇಕು!

ವಾರಗಳು ಉರುಳಿದಂತೆ ಹುಡುಗಿಗೆ ನಮ್ಮ ಮನೆ ಒಗ್ಗಿತು. ಮಾವ್ಶಿಯ ಖಾರದ ಮೀನುಸಾರಿಗೆ ಕಣ್ಣೀರಿಡುತ್ತಲೇ ಎರಡನೆಯ ಸಲ ಬಡಿಸಿಕೊಳ್ಳುವಳು. ಕಷ್ಟದ ಪ್ರಶ್ನೆ ಬಂದರೆ ಪೆನ್ಸಿಲ್ ಕೆಳಗಿಟ್ಟು, ಬಾಪ್ಪುವಿನ ಹಾಗೆಯೇ ಮೂಗಿನಿಂದ ಗಾಳಿ ಬಿಟ್ಟು, ಅಪ್ಪಟ ಕನ್ನಡದಲ್ಲಿ "ಎಂತ ಸಾವು ಮಾರಾಯ್ರೇ!" ಎನ್ನುವಳು. ಮನೆಯಲ್ಲಿ ಅನುಕರಣೆಗೆ ನನಗೊಬ್ಬಳು ಪ್ರತಿಸ್ಪರ್ಧಿ ಹುಟ್ಟಿಕೊಂಡಳು! ಬಾಪ್ಪು ಕಚೇರಿಯಿಂದ ಬೇಗ ಬರತೊಡಗಿದರು. ದಾರಿಯಲ್ಲಿ ಎಲ್ಲರಿಗೂ ಚಾ ಕಟ್ಟಿಸಿಕೊಂಡು ಬರುವುದು, ಆರಕ್ಕೆ ಐದು ನಿಮಿಷ ಇರುವಾಗಲೇ ಬಾಗಿಲು ತೆರೆದಿಟ್ಟು ಲಿಫ್ಟಿನ ಕಡೆ ನೋಡುವುದು. ನಾನು ಕೇಳಿದರೆ, "ಗಾಳಿ ಬರ್ಲಿ ಅಂತ," ಎನ್ನುತ್ತಿದ್ದರು. ಎಸಿ ಹಾಕಿದ ಮನೆಗೆ ಕಾರಿಡಾರಿನಿಂದ ಯಾವ ಗಾಳಿ ಬರುತ್ತದೋ ನನಗೆ ತಿಳಿಯದು.

ನವೆಂಬರ್ ಕೊನೆಯಲ್ಲಿ ಅವಳ ಶಾಲೆಯ ಅಣಕು ಪರೀಕ್ಷೆ. ಫಲಿತಾಂಶ ಬಂದ ದಿನ ಲಿನ್ ಆರಕ್ಕೆ ಸರಿಯಾಗಿ ಬಂದಳು, ಚಪ್ಪಲಿ ಸಾಲಾಗಿ ಬಿಟ್ಟಳು, ಕೂತಳು. ಆಮೇಲೆ ಉತ್ತರದ ಹಾಳೆಯನ್ನು ಫೋನಿನಲ್ಲಿ ತೋರಿಸಿದಳು. ಗದ್ಯದ ಭಾಗದಲ್ಲಿ ಸಾಲು ಸಾಲು ಖಾಲಿ!

"ಯಾಕೆ ಬಿಟ್ಟೆ?" ಅಂದೆ.

"ಅವೆಲ್ಲದಕ್ಕೂ ಉತ್ತರ ಇ," ಅಂದಳು. "ಆದರೆ ಹಾಳೆಯಲ್ಲಿ ಇ ಗೆ ಜಾಗ ಇರಲಿಲ್ಲ."

ಬಾಪ್ಪು ಗೊಂದಲದಿಂದ ನನ್ನನ್ನೂ ಅವಳನ್ನೂ ನೋಡಿದರು. "ಇವಳು ಯಾಕೆ ಪರೀಕ್ಷೆ ಬರೆದದ್ದು? ಇವಳು ಪೇಪರ್ ತರುವವಳಲ್ವಾ?"

ಲಿನ್ ಮೇಲೆ ಹೋದ ನಂತರ ಎಲ್ಲವನ್ನೂ ಹೇಳಿದೆ. ಫೋನು, ಕೆಮ್ಮು, ಮೂವತ್ತು ವರ್ಷದ ಮೇಷ್ಟರು, ಪೇಪರ್ ಚೆಕ್ ಮಾಡುವ ಸುಳ್ಳು, ಎಲ್ಲ. ಬೈಯುತ್ತಾರೆಂದು ಕಾದೆ. ಸಾಮಾನ್ಯವಾಗಿ ಬೈಗುಳಕ್ಕೂ ಬಾಪ್ಪು ಒಂದು ಪೀಠಿಕೆ, ನಾಲ್ಕು ಉಪಶೀರ್ಷಿಕೆ ಇಟ್ಟುಕೊಳ್ಳುತ್ತಾರೆ. ಅವತ್ತು ಬೈಗುಳವೇ ಬರಲಿಲ್ಲ.

"ಅಂದ್ರೆ," ಎಂದರು ಕೆಂಪು ಪೆನ್ನಿನ ಟೋಪಿ ಮುಚ್ಚುತ್ತ, "ನಾನು ತಿದ್ದಿದ್ದು ಪೇಪರನ್ನಲ್ಲ. ಆ ಮಗುವನ್ನು."

"ಬಾಪ್ಪು..."

"ಪಿಯುಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಕೂತವನು ಮಾರಾಯ ನಾನು. ನನ್ನ ಹತ್ತಿರ ಪಾಠ ಹೇಳಿಸಿದ್ಯಲ್ಲ."

ಮಾವ್ಶಿ ಒಳಗಿನಿಂದ, "ಇಬ್ಬರೂ ಮುಖ ಊದಿಸ್ಕೊಂಡು ಕೂತ್ರೆ ಟಿಕೆಟ್ ಹರಿದು ಹೋಗ್ತದಾ? ಇನ್ನೊಂದು ಪರೀಕ್ಷೆ ಉಂಟಂತಲ್ಲ ಡಿಸೆಂಬರಲ್ಲಿ!" ಎಂದರು. ಉಂಟು. ವರ್ಷದ ಕೊನೆಯದು. ಜನವರಿಯ ಟಿಕೆಟ್ಟು ಉಳಿಯುತ್ತದೋ ರದ್ದಾಗುತ್ತದೋ ಎಂಬುದು ಅದರ ಮೇಲೆಯೇ.

ಮರುದಿನ ಬಾಪ್ಪು ಕೆಂಪು ಪೆನ್ನು ಒಳಗಿಟ್ಟು ಪೆನ್ಸಿಲ್ ತೆಗೆದರು. ಒಂದು ಇಡೀ ಪತ್ರಿಕೆಯನ್ನು ಗಡಿಯಾರ ಮುಂದಿಟ್ಟುಕೊಂಡು ಪರೀಕ್ಷಾರ್ಥಿಯಾಗಿಯೇ ಬರೆದರು. ನಾನು ಮೇಲ್ವಿಚಾರಕ. ಮಧ್ಯೆ ನೀರು ಕೇಳಿದರು, ಕೊಟ್ಟೆ. ಮಾವ್ಶಿಯ ಕಡೆ ಕತ್ತು ತಿರುಗಿಸಿದರು, "ಕಾಪಿ ಇಲ್ಲ!" ಅಂದೆ. ಫಲಿತಾಂಶ: ನಪಾಸು. ನನಗಿಂತ ಮೇಲೆ, ಮಾವ್ಶಿಗಿಂತ ಬಹಳ ಕೆಳಗೆ. ಚೀನಾದ ಪರೀಕ್ಷೆಯಲ್ಲಿ ನಪಾಸಾದ ಬಂಟ್ವಾಳದ ಏಕೈಕ ಜೀವಿ ಎಂದು ಆರಂಭದಲ್ಲಿ ಹೇಳಿದೆನಲ್ಲ, ಅದು ಇಲ್ಲಿ ಆದದ್ದು. ನಾನು ಮಂಗಳೂರಿನವನು, ನನ್ನ ನಪಾಸು ಬೇರೆ ಖಾತೆ.

ಬಾಪ್ಪು ತಮ್ಮ ತಪ್ಪುತ್ತರಗಳನ್ನು ಹರವಿಕೊಂಡು ವಾರವಿಡೀ ಕೂತರು. ಇಲ್ಲಿ ರಜೆ ಶುಕ್ರವಾರವಾದ್ದರಿಂದ ಅಂದಿನ ಚರ್ಚಿನ ಪೂಜೆಯಲ್ಲಿ ಪಾದ್ರಿಗಳು ಪ್ರವಚನ ಮಾಡುತ್ತಿದ್ದರೆ ಇವರ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಎಂದುಕೊಂಡೆ. ಕಿವಿಗೊಟ್ಟರೆ, "ಎ ಅಲ್ಲ... ಬಿ ಅಲ್ಲ..." ಕಾರಿನಲ್ಲಿ ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ಇದ್ದಕ್ಕಿದ್ದಂತೆ ಸ್ಟೇರಿಂಗಿಗೆ ಗುದ್ದಿ, "ಒಳ್ಳೆಯವನನ್ನು ಯಾಕೆ ಹುಡುಕ್ಬೇಕು!" ಎಂದು ಕೂಗಿದರು. ಹಿಂದಿನ ಕಾರಿನವ ಹಾರ್ನ್ ಹೊಡೆದ. ಮಾವ್ಶಿ ಬೆಚ್ಚಿ ಜಪಸರ ಕೈಜಾರಿಸಿದರು.

ಸಂಜೆ ಲಿನ್‌ಗೆ ಹೇಳಿದರು: "ನೋಡಮ್ಮ, ಇದು ಕರಾರು ಅಲ್ಲ, ಅಲ್ಲೇ ನಾನು ಎಡವಿದ್ದು. ಇದು ಕೊಟೇಶನ್. ನಾಲ್ಕು ಕಂಪನಿಯವರು ಕಳಿಸಿದ್ದಾರೆ ಅಂತ ತಿಳ್ಕೊ. ನಮ್ಮ ಆಫೀಸಿನಲ್ಲಿ ಒಳ್ಳೆಯ ಕಂಪನಿ ಯಾವುದು ಅಂತ ನಾವು ಹುಡುಕುದಿಲ್ಲ. ಮೂವರನ್ನು ಹೊರಗೆ ಹಾಕ್ತೇವೆ. ಉಳಿದವನಿಗೆ ಕೆಲಸ. ಇವನು ನೋಡು, ನಾವು ಕೇಳದ್ದನ್ನು ಬರೆದಿದ್ದಾನೆ. ಗದ್ಯದಲ್ಲಿ ಬಸ್ಸೇ ಇಲ್ಲ, ಇವನು ಬಸ್ಸು ತಂದ. ಹೊರಗೆ! ಇವನು ಎಲ್ಲರೂ, ಯಾವಾಗಲೂ ಅಂತ ದೊಡ್ಡ ಮಾತು ಹೇಳ್ತಾನೆ. ಅಷ್ಟು ಕೊಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ. ಹೊರಗೆ! ಇವನು ನಮ್ಮ ಮಾತನ್ನೇ ಕಾಪಿ ಹೊಡೆದು ಮಧ್ಯೆ ಒಂದು ಶಬ್ದ ಬದಲಾಯಿಸಿದ್ದಾನೆ. ಇವನು ಮಹಾ ಕಳ್ಳ, ಹೊರಗೆ!"

"ಇ?" ಎಂದಳು ಲಿನ್, ಆಸೆಯಿಂದ.

ಬಾಪ್ಪು ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು. "ಇ ಇಲ್ಲ ಮಗಾ. ಇ ಪರೀಕ್ಷೆ ಮುಗಿದ ಮೇಲೆ."

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ದಿನಾ ಸಂಜೆ "ಹೊರಗೆ! ಹೊರಗೆ!" ಎಂಬ ಘೋಷಣೆ. ಹೊಸದಾಗಿ ಬಂದ ಪಕ್ಕದ ಮನೆಯವರು, ಗಂಡಹೆಂಡಿರ ಜಗಳವೋ ಎಂದು ಒಂದು ದಿನ ಬಾಗಿಲು ತಟ್ಟಿ ವಿಚಾರಿಸಿಕೊಂಡು ಹೋದರು.

ಡಿಸೆಂಬರಿನ ಪರೀಕ್ಷೆ ಮುಗಿಯಿತು. ಫಲಿತಾಂಶ ಬಂದ ಸಂಜೆ ಲಿನ್ ಒಬ್ಬಳೇ ಬರಲಿಲ್ಲ. ಜತೆಗೆ ಅಪ್ಪ, ಸೈಟಿನಿಂದ ನೇರವಾಗಿ, ಧೂಳು ಹಿಡಿದ ಶೂ ಬಾಗಿಲ ಹೊರಗೆ ಬಿಟ್ಟು, ಕೈಯಲ್ಲಿ ಒಂದು ಚೀಲ ಕಿತ್ತಳೆ ಹಿಡಿದು. ಲಿನ್‌ಳ ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ. ಕೇಳಿದೆವು. ಅಂಕ ಏರಿದೆ, ಚೆನ್ನಾಗಿಯೇ ಏರಿದೆ. ಖಾಲಿ ಬಿಟ್ಟದ್ದು ಒಂದೂ ಇಲ್ಲ. ಆದರೆ ಶಾಲೆಯವರು ಹೇಳಿದ ಗೆರೆಗೆ ಸ್ವಲ್ಪ, ಸ್ವಲ್ಪವೇ ಸ್ವಲ್ಪ, ಕಡಿಮೆ.

ಮಾವ್ಶಿ ಶಿಲುಬೆಯ ಗುರುತು ಹಾಕಿದರು. ಯಾರೂ ಕೂರಲಿಲ್ಲ. ಎಂಜಿನಿಯರ್ ಕಿತ್ತಳೆಯ ಚೀಲ ಮೇಜಿನ ಮೇಲಿಟ್ಟು ಬಾಪ್ಪುವಿಗೆ ತಲೆಬಾಗಿ, "ಟೀಚರ್..." ಎಂದು ಮಾತು ತೆಗೆದರು.

"ನೋ," ಎಂದರು ಬಾಪ್ಪು.

ಇನ್ನು ತಡೆಯಬಾರದು ಎನಿಸಿತು. "ಅಂಕಲ್, ಅವತ್ತು ಫೋನಿನಲ್ಲಿ..." ಎಂದು ನಾನು ಇಂಗ್ಲಿಷಿನಲ್ಲಿ ಬಾಯಿ ತೆರೆದೆ.

"ನೀನು ಸುಮ್ಮನಿರು," ಎಂದು ಬಾಪ್ಪು ಕನ್ನಡದಲ್ಲಿ ತಡೆದರು. ದನಿ ಏರಿಸಲಿಲ್ಲ. "ನನ್ನ ಫೋನಿನಿಂದ ಹೋದ ಮಾತು ನನ್ನದೇ. ಸಹಿ ಯಾರು ಹಾಕಿದ್ರೆ ಎಂತ, ಲೆಟರ್‌ಹೆಡ್ ನನ್ನದಲ್ವಾ?"

ಓದದೆ ಒಂದು ಕಾಗದಕ್ಕೂ ರುಜು ಹಾಕದ ಮನುಷ್ಯ! ಪೆಟ್ರೋಲ್ ಬಂಕಿನ ರಸೀದಿಯನ್ನೂ ಮೊದಲಿಂದ ಕೊನೆಯ ತನಕ ಓದುವ ಮನುಷ್ಯ! ಆಡದೇ ಇದ್ದ ಸುಳ್ಳೊಂದನ್ನು ಎತ್ತಿ ತನ್ನ ಹೆಸರಿಗೆ ಬರೆದುಕೊಂಡು, ಆ ತಂದೆಯ ಮುಂದೆ ಕೈಮುಗಿದು ನಿಂತು, ಒಂದೊಂದೇ ಇಂಗ್ಲಿಷ್ ಶಬ್ದ ಜೋಡಿಸಿ ಹೇಳಿದರು. ನಾನು ಟೀಚರ್ ಅಲ್ಲ. ಯಾವತ್ತೂ ಆಗಿರಲಿಲ್ಲ. ಫೋನಿನಲ್ಲಿ ನಾನು ಹೇಳಿದ್ದು ಸುಳ್ಳು. ನಾನೊಬ್ಬ ಕ್ಲಾರ್ಕ್. ಮೊದಲಿನ ತಿಂಗಳು ನಿಮ್ಮ ಮಗಳನ್ನು ತಪ್ಪು ದಾರಿಗೆ ಹಚ್ಚಿದೆ, ಇಲ್ಲದಿದ್ದರೆ ಅವಳು ಆ ಗೆರೆ ಎಂದೋ ದಾಟುತ್ತಿದ್ದಳು. ಒಳ್ಳೆಯ ಟೀಚರನ್ನು ಹುಡುಕಿ. ನನ್ನ ತಪ್ಪಿಗೆ ಅವಳನ್ನು ಹಾಸ್ಟೆಲಿಗೆ ಕಳಿಸಬೇಡಿ.

ನಾನು ಯಾರ ದನಿಯನ್ನಾದರೂ ತೆಗೆದು ಮಾತು ತೇಲಿಸಿಬಿಡುವವನು. ಆಗ ಗಂಟಲೊಳಗೆ ಒಂದೇ ಒಂದು ದನಿ ಇರಲಿಲ್ಲ.

ಲಿನ್ ಎಲ್ಲವನ್ನೂ ಅಪ್ಪನಿಗೆ ತಮ್ಮ ಭಾಷೆಯಲ್ಲಿ ಹೇಳಿದಳು. ಫೋನಿನ ಮಾತು ಬಂದಾಗ ಒಂದು ಸಲ ನನ್ನ ಕಡೆ ನೋಡಿದಳು, ನೋಡಿ ಮುಂದುವರಿಸಿದಳು. ಅಪ್ಪ ನೆಲ ನೋಡುತ್ತ ಕೇಳಿದರು. ಆಮೇಲೆ ಮಗಳಿಗೆ ತರ್ಜುಮೆಯ ಕೆಲಸ ಕೊಡದೆ, ಬಾಪ್ಪುವಿನ ಮುಗಿದ ಕೈಗಳನ್ನು ತಮ್ಮ ಒರಟು ಕೈಗಳಿಂದ ಬಿಡಿಸಿ, ತಮಗೆ ಬರುವ ಇಂಗ್ಲಿಷಿನಲ್ಲೇ ಹೇಳಿದರು:

"ಟೀಚರ್ ಮಾಫಿ, ನೋ ಪ್ರಾಬ್ಲಮ್. ದೋಹಾ ಟೀಚರ್ ಪ್ಲೆಂಟಿ. ಲಿನ್ ಲಾಫಿಂಗ್, ದಿಸ್ ಹೌಸ್ ಓನ್ಲಿ. ಟಿಕೆಟ್ ಕ್ಯಾನ್ಸಲ್. ಟುಮಾರೋ ಸಿಕ್ಸ್ ಓ'ಕ್ಲಾಕ್ ಶಿ ಕಮಿಂಗ್. ಖಲಾಸ್!"